ಸ್ಪರ್ಧೆಯ ರೋಬೋಟ್‌ಗೆ ಯಾವ ಶಾಫ್ಟ್ ಬಾಳಿಕೆ ಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆ ರೋಬೋಟ್ ಕಟ್ಟುವ ಮಕ್ಕಳು ಮೊದಲು ಕೇಳುವುದು ಮೋಟರ್ ಬಗ್ಗೆ, ಆಮೇಲೆ ಬ್ಯಾಟರಿ ಬಗ್ಗೆ. ಚಕ್ರವನ್ನು ಹೊತ್ತು ತಿರುಗಿಸುವ ರಾಡ್, ಅಂದರೆ ಶಾಫ್ಟ್, ನೆನಪಾಗುವುದು ಅದು ಮುರಿದ ಮೇಲೆ. ಆಗ ಎಲ್ಲರೂ ಕೇಳುವುದು ಒಂದೇ: "ಇನ್ನೂ ಗಟ್ಟಿ ಮೆಟೀರಿಯಲ್ ಯಾವುದಿದೆ?" ನನ್ನ ಅನುಭವದಲ್ಲಿ ಮೆಟೀರಿಯಲ್ ಆರಿಸುವುದು ಕೊನೆಯ ಕೆಲಸ. ಎಷ್ಟು ದಪ್ಪ, ಬೇರಿಂಗ್ ಎಲ್ಲಿ, ಯಾವ ಜಾಗದಲ್ಲಿ ಕೊರೆದಿದ್ದೀರಿ ಅನ್ನುವುದು ಅದಕ್ಕಿಂತ ಮುಂಚೆ ತೀರ್ಮಾನ ಆಗಬೇಕು. ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಹಾಗೆಯೇ ಇಟ್ಟಿದ್ದೇನೆ.

## ಶುರು ಮಾಡುವವರಿಗೆ

ಸರ್, ಒಂದೇ ಮಾತಲ್ಲಿ ಹೇಳಿ. ವೀಲ್ ಶಾಫ್ಟ್‌ಗೆ ಯಾವ ಮೆಟೀರಿಯಲ್ ತರಲಿ?

ಇಎನ್ 8 ಅನ್ನುವ ಸ್ಟೀಲಿನ ಬ್ರೈಟ್ ಬಾರ್ (ಮೇಲ್ಮೈ ನುಣುಪಾಗಿ, ಅಳತೆಗೆ ಸರಿಯಾಗಿ ಮಾಡಿದ ರಾಡ್) ತನ್ನಿ. 20-25 ಕೆಜಿಯ, ನಾಲ್ಕು ಚಕ್ರದ ರೋಬೋಟ್ ಆದರೆ 10 ಮಿ.ಮೀ. ವ್ಯಾಸ ಇರಲಿ. ಹೊಡೆತ ಜಾಸ್ತಿ ಬೀಳುವ ಜಾಗಕ್ಕೆ ಇಎನ್ 24 ತನ್ನಿ, ಟಿ ಕಂಡೀಷನ್‌ನಲ್ಲಿ, ಅಂದರೆ ಹೀಟ್ ಟ್ರೀಟ್ ಆಗಿ ಬಂದದ್ದನ್ನೇ ಕೇಳಿ. ಹತ್ತು ತಂಡಗಳಲ್ಲಿ ಒಂಬತ್ತಕ್ಕೆ ಇದಕ್ಕಿಂತ ಬೇರೆ ಏನೂ ಬೇಕಾಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಬೇಕಾದ ಸೈಜ್ ಸಿಗದಿದ್ದರೆ ಹುಬ್ಬಳ್ಳಿ ಅಥವಾ ಬೆಳಗಾವಿಯ ಸ್ಟೀಲ್ ಅಂಗಡಿಗಳಲ್ಲಿ ವಿಚಾರಿಸಿ. ಅಲ್ಲಿ ತೂಕದ ಲೆಕ್ಕದಲ್ಲಿ ತುಂಡು ಕತ್ತರಿಸಿ ಕೊಡುತ್ತಾರೆ. 10 ಮಿ.ಮೀ. ರಾಡ್ ಒಂದು ಮೀಟರ್‌ಗೆ ಸುಮಾರು 620 ಗ್ರಾಂ ಮಾತ್ರ ಬರುತ್ತದೆ. ಹಾಗಾಗಿ ಒಳ್ಳೆಯ ಸ್ಟೀಲ್ ತಂದರೂ ಜೇಬಿಗೆ ದೊಡ್ಡ ಭಾರ ಆಗುವುದಿಲ್ಲ. ಖರ್ಚು ಇರುವುದು ಲೇತ್ ಕೆಲಸದಲ್ಲಿ.

ಹಾರ್ಡ್‌ವೇರ್ ಅಂಗಡಿಯ ಎಂಎಸ್ ರಾಡ್ ಸಾಕಾಗಲ್ವಾ?

ಕೆಲವು ಕಡೆ ಸಾಕು. ಎಂಎಸ್ ಅಂದರೆ ಮೈಲ್ಡ್ ಸ್ಟೀಲ್, ಸಾದಾ ಮೆತ್ತಗಿನ ಸ್ಟೀಲ್; ಅದರ ಯೀಲ್ಡ್ ಬಲ ಸುಮಾರು 250 ಮೆಗಾಪ್ಯಾಸ್ಕಲ್. ಅಂದರೆ ಅಷ್ಟು ಒತ್ತಡ ದಾಟಿದರೆ ರಾಡ್ ಬಗ್ಗಿದ್ದು ಬಗ್ಗಿಯೇ ಉಳಿಯುತ್ತದೆ. ಇಎನ್ 8ಕ್ಕೆ ಇದು ಸುಮಾರು 280ರಿಂದ 450ರವರೆಗೆ ಇರುತ್ತದೆ, ಅದು ಯಾವ ಸ್ಥಿತಿಯಲ್ಲಿ ಬಂದಿದೆ ಅನ್ನುವುದರ ಮೇಲೆ. ಇಎನ್ 24 ಟಿಗೆ 650ರ ಆಸುಪಾಸು.

ಎಂಎಸ್‌ನಲ್ಲಿ ಒಂದು ಒಳ್ಳೆಯ ಗುಣ ಇದೆ. ಅದು ಮುರಿಯುವ ಮುಂಚೆ ಬಗ್ಗಿ ತೋರಿಸುತ್ತದೆ. ಅಭ್ಯಾಸದ ರೋಬೋಟ್‌ಗೆ, ಹಗುರ ಕೈಗೆ, ಬರೀ ತಿರುಗುವ ರೋಲರ್‌ಗೆ ಧಾರಾಳವಾಗಿ ಹಾಕಿ. ಆದರೆ ಕಪ್ಪು ಹೊಟ್ಟು ಇರುವ ಹಾಟ್ ರೋಲ್ಡ್ ರಾಡ್ ಬೇಡ. ಅದು ಪೂರ್ತಿ ದುಂಡಗೂ ಇರುವುದಿಲ್ಲ, ನೇರವೂ ಇರುವುದಿಲ್ಲ. ಬ್ರೈಟ್ ಬಾರ್ ಅಂತ ಕೇಳಿ.

ಥ್ರೆಡ್ ರಾಡ್ ಹಾಕಿದ್ರೆ ಎರಡು ಕಡೆ ನಟ್ ಬಿಗಿದ್ರೆ ಆಯ್ತು. ಯಾಕೆ ಬೇಡ ಅಂತೀರಿ?

8 ಮಿ.ಮೀ. ಥ್ರೆಡ್ ರಾಡ್‌ನ ತಳದ ವ್ಯಾಸ ಸುಮಾರು 6.5 ಮಿ.ಮೀ. ಮಾತ್ರ. ಶಾಫ್ಟ್‌ನ ಬಲ ವ್ಯಾಸದ ಘನದ ಹಾಗೆ ಏರಿಳಿಯುತ್ತದೆ. ಹಾಗಾಗಿ ಉಳಿಯುವುದು ಅರ್ಧದಷ್ಟು ಬಲ. ಅದರ ಮೇಲೆ ಪ್ರತಿ ಥ್ರೆಡ್‌ನ ತಳವೂ ಚೂಪಾದ ಸೀಳು, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಬೇರಿಂಗ್ ಕೂರುವುದು ಥ್ರೆಡ್‌ನ ತುದಿಗಳ ಮೇಲೆ, ಅವು ಕೆಲವೇ ದಿನದಲ್ಲಿ ಸವೆದು ಚಕ್ರ ಅಲ್ಲಾಡಲು ಶುರುವಾಗುತ್ತದೆ. ಶಾಫ್ಟ್‌ನ ತುದಿಯಲ್ಲಿ ಚಕ್ರದಿಂದ ಆಚೆಗೆ ಮಾತ್ರ ಥ್ರೆಡ್ ಹಾಕಿಸಿ ನಟ್ ಬಿಗಿಯುವುದಾದರೆ ತೊಂದರೆ ಇಲ್ಲ.

ಇಎನ್ 8, 19, 24, 31... ನಂಬರ್ ಜಾಸ್ತಿ ಆದಷ್ಟೂ ಗಟ್ಟಿ ಜಾಸ್ತಿನಾ?

ಅಲ್ಲ. ಇವು ಹಳೆಯ ಬ್ರಿಟಿಷ್ ಸ್ಟ್ಯಾಂಡರ್ಡ್ 970ರ ಕ್ರಮಸಂಖ್ಯೆಗಳು, ಬಲದ ಅಳತೆ ಅಲ್ಲ. ಇಎನ್ 8 ಮಧ್ಯಮ ಕಾರ್ಬನ್ ಸ್ಟೀಲ್. ಇಎನ್ 19ರಲ್ಲಿ ಕ್ರೋಮಿಯಂ, ಮಾಲಿಬ್ಡಿನಂ ಇವೆ. ಇಎನ್ 24ರಲ್ಲಿ ನಿಕಲ್ ಕೂಡ ಸೇರುತ್ತದೆ. ನಿಕಲ್ ಇರುವುದರಿಂದ ಅದು ಹೊಡೆತವನ್ನು ಚೆನ್ನಾಗಿ ತಡೆಯುತ್ತದೆ.

ಇಎನ್ 31 ಬೇರೆಯದೇ ಜಾತಿ. ಅದು ಬೇರಿಂಗ್ ಮಾಡುವ ಸ್ಟೀಲ್, ಸುಮಾರು ಶೇಕಡಾ 1 ಕಾರ್ಬನ್. ಹಾರ್ಡನ್ ಮಾಡಿದರೆ (ಕಾಯಿಸಿ ತಟ್ಟನೆ ತಣಿಸಿ ಗಡಸು ಮಾಡಿದರೆ) ಗಡಸುತನದ ಅಳತೆಯಲ್ಲಿ 60 ಎಚ್‌ಆರ್‌ಸಿ ಹತ್ತಿರ ಹೋಗುತ್ತದೆ. ಸವೆತಕ್ಕೆ ಅದರಷ್ಟು ಒಳ್ಳೆಯದು ಕಡಿಮೆ. ಆದರೆ ಹೊಡೆತ ಬಿದ್ದರೆ ಗಾಜಿನ ಹಾಗೆ ಒಡೆಯುತ್ತದೆ. "31 ಸಿಕ್ತು, 24ಕ್ಕಿಂತ ದೊಡ್ಡ ನಂಬರ್" ಅಂತ ಹಾರ್ಡನ್ ಮಾಡಿಸಿ ಚಕ್ರಕ್ಕೆ ಹಾಕಿದವರಿದ್ದಾರೆ. ರೋಬೋಟ್ ಮೆಟ್ಟಿಲಿಂದ ಇಳಿದ ಕೂಡಲೇ ಶಾಫ್ಟ್ ಎರಡು ತುಂಡು. ಗಡಸುತನ ಬೇರೆ, ಹೊಡೆತ ತಾಳುವ ಗುಣ ಬೇರೆ.

ನಮ್ಮದು ಸಮುದ್ರದ ಬದಿ. ತುಕ್ಕಿನ ಕಾಟವೇ ಬೇಡ ಅಂತ ಸ್ಟೇನ್‌ಲೆಸ್ ಹಾಕೋಣ್ವಾ?

ಕಾರವಾರದಲ್ಲಿ, ಮಾಜಾಳಿಯಲ್ಲಿ ಇದು ಸುಮ್ನೆ ತಳ್ಳಿಹಾಕುವ ಪ್ರಶ್ನೆ ಅಲ್ಲ. ಮಳೆಗಾಲದಲ್ಲಿ ಎಂಎಸ್ ರಾಡ್ ತೊಳೆದು ಹಾಗೇ ಇಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪಗಾಗಿರುತ್ತದೆ. ಆದರೂ ನಾನು ಸಾಮಾನ್ಯವಾಗಿ ಸ್ಟೇನ್‌ಲೆಸ್ ಹೇಳುವುದಿಲ್ಲ.

ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 304. ಅದರ ಯೀಲ್ಡ್ ಬಲ ಸುಮಾರು 205-215 ಮೆಗಾಪ್ಯಾಸ್ಕಲ್, ಎಂಎಸ್‌ಗಿಂತಲೂ ಕಡಿಮೆ. ದುಡ್ಡು ಜಾಸ್ತಿ ಕೊಟ್ಟು ಮೆತ್ತಗಿನ ಶಾಫ್ಟ್ ತಂದ ಹಾಗಾಯಿತು. ಲೇತ್‌ನಲ್ಲೂ ಅದು ಸತಾಯಿಸುತ್ತದೆ. ಟೂಲ್ ಉಜ್ಜಿದಷ್ಟೂ ಮೇಲ್ಮೈ ಗಟ್ಟಿಯಾಗುತ್ತದೆ. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ನಟ್ ಜೋರಾಗಿ ಬಿಗಿದರೆ ಕಚ್ಚಿಕೊಂಡು ಬಿಡುತ್ತದೆ, ಆಮೇಲೆ ಕತ್ತರಿಸಿಯೇ ತೆಗೆಯಬೇಕು.

ಇನ್ನು 304ಕ್ಕೆ ಉಪ್ಪುಗಾಳಿಯಲ್ಲಿ ಕಂದು ಕಲೆ, ಸಣ್ಣ ಗುಳಿ ಬಂದೇ ಬರುತ್ತವೆ. 316ರಲ್ಲಿ ಶೇಕಡಾ 2ರಿಂದ 3 ಮಾಲಿಬ್ಡಿನಂ ಇರುವುದರಿಂದ ಅದು ಉಪ್ಪಿಗೆ ಚೆನ್ನಾಗಿ ನಿಲ್ಲುತ್ತದೆ, ಆದರೆ ಬಲ 304ರಷ್ಟೇ. ಬಲವೂ ಬೇಕು, ತುಕ್ಕೂ ಬೇಡ ಅಂದರೆ 17-4 ಪಿಎಚ್ ಅನ್ನುವ ಸ್ಟೇನ್‌ಲೆಸ್ ಇದೆ. ಸರಿಯಾಗಿ ಹೀಟ್ ಟ್ರೀಟ್ ಮಾಡಿದರೆ 1,100 ಮೆಗಾಪ್ಯಾಸ್ಕಲ್ ದಾಟುತ್ತದೆ. ಬೆಲೆಯೂ ಹಾಗೇ ಇದೆ.

ನನ್ನ ಸಲಹೆ: ಇಎನ್ 8 ಅಥವಾ 24 ಹಾಕಿ, ತುಕ್ಕನ್ನು ಆರೈಕೆಯಿಂದ ತಡೆಯಿರಿ. ಮರಳಿನಲ್ಲಿ ಓಡಿಸಿದ್ದರೆ ಸಿಹಿನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ, ತೆಳ್ಳಗೆ ಮಷಿನ್ ಆಯಿಲ್ ಹಚ್ಚಿ. ಬಿಡಿ ಶಾಫ್ಟ್‌ಗಳನ್ನು ಎಣ್ಣೆ ಹಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕಟ್ಟಿಡಿ. ಮನೆಯಲ್ಲಿದೆ ಅಂತ ತೆಂಗಿನೆಣ್ಣೆ ಹಚ್ಚಬೇಡಿ. ಚಳಿಗಾಲದಲ್ಲಿ ಶಿರಸಿ, ಸಿದ್ದಾಪುರ ಕಡೆ ಅದು ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಅಂಟಂಟಾಗಿ ಧೂಳು ಹಿಡಿಯುತ್ತದೆ.

ಬೇರಿಂಗ್ ಕೂರುವ ಜಾಗದಲ್ಲಿ ಮಾತ್ರ ಕೆಂಪು ಪುಡಿ ಕಾಣಿಸಿದರೆ ಅದು ಬರೀ ಸಮುದ್ರದ ಗಾಳಿಯ ಕೆಲಸ ಅಂದುಕೊಳ್ಳಬೇಡಿ. ಬೇರಿಂಗ್ ಸಡಿಲ ಕೂತು, ಸೂಕ್ಷ್ಮವಾಗಿ ಉಜ್ಜಿಕೊಂಡು ಬರುವ ಪುಡಿ ಅದು. ಎಣ್ಣೆ ಹಚ್ಚಿದರೆ ಹೋಗುವುದಿಲ್ಲ, ಫಿಟ್ ಸರಿ ಮಾಡಬೇಕು.

ಬೈತಖೋಲದಲ್ಲಿ ಬೋಟಿನ ಹಳೆ ಶಾಫ್ಟ್ ತುಂಡು ಸಿಕ್ಕಿದೆ. ಇಲ್ಲಿ ಶಿರಸಿಯಲ್ಲಿ ಅಡಿಕೆ ಸುಲಿಯೋ ಮಷಿನಿಂದು ಇದೆ. ಇದನ್ನೇ ತಿರುಗಿಸಿ ಹಾಕಿದ್ರೆ ಎಂತ?

ಹಾಕಬಹುದು, ಆದರೆ ಮೊದಲು ಅದು ಯಾವ ಲೋಹ ಅಂತ ತಿಳಿಯಿರಿ. ಅಯಸ್ಕಾಂತ ಹಿಡಿಯಿರಿ. 304, 316 ಹೆಚ್ಚುಕಡಿಮೆ ಅಂಟುವುದಿಲ್ಲ. 410, 420 ಜಾತಿಯ ಸ್ಟೇನ್‌ಲೆಸ್, ಸಾದಾ ಸ್ಟೀಲ್ ಅಂಟುತ್ತವೆ. ಆಮೇಲೆ ಅರದಿಂದ ತಿಕ್ಕಿ. ಅರ ಕಚ್ಚದೆ ಜಾರಿದರೆ ಮೇಲ್ಮೈ ಹಾರ್ಡನ್ ಆಗಿದೆ. ಗ್ರೈಂಡರ್ ಹಿಡಿದರೆ ಕಿಡಿಯೂ ಮಾತಾಡುತ್ತದೆ: ಕಾರ್ಬನ್ ಜಾಸ್ತಿ ಇದ್ದಷ್ಟೂ ಕಿಡಿ ನಕ್ಷತ್ರದ ಹಾಗೆ ಸಿಡಿಯುತ್ತದೆ, ಎಂಎಸ್‌ನಲ್ಲಿ ಉದ್ದ ಗೆರೆಗಳೇ ಜಾಸ್ತಿ. ನಮ್ಮೂರ ಲೇತಿನ ಹಿರಿಯರಿಗೆ ಇದು ಕಣ್ಣಳತೆಯಲ್ಲೇ ಗೊತ್ತಾಗುತ್ತದೆ, ಅವರನ್ನು ಕೇಳಿ.

ದೊಡ್ಡ ಅಪಾಯ ಬೇರೆ ಇದೆ. ಆ ಶಾಫ್ಟ್ ವರ್ಷಗಟ್ಟಲೆ ತಿರುಗಿ ದಣಿದಿರುತ್ತದೆ. ಕಣ್ಣಿಗೆ ಕಾಣದ ಬಿರುಕು ಹಳೆಯ ಕೀವೇ (ಚಕ್ರ ಜಾರದಂತೆ ಲೋಹದ ಕೀ ಕೂರಿಸಲು ಕೊರೆದ ಉದ್ದ ತೋಡು), ಹಳೆಯ ತೋಡುಗಳ ಹತ್ತಿರ ಇರಬಹುದು. ಆ ಭಾಗ ಬಿಟ್ಟು, ಮಧ್ಯದ ನುಣುಪಾದ ತುಂಡು ತೆಗೆದುಕೊಂಡು, ಮೇಲಿನ ಪದರ ಚೆನ್ನಾಗಿ ಇಳಿಸಿ ಬಳಸಿ. ಕಳೆ ಕತ್ತರಿಸುವ ಮಷಿನ್‌ನ ಉದ್ದದ ಸಪೂರ ಶಾಫ್ಟ್ ಮಾತ್ರ ಬೇಡ. ಅದು ವೇಗಕ್ಕೆ ಮಾಡಿದ್ದು, ಚಕ್ರದ ಭಾರ ಹೊರುವುದಕ್ಕಲ್ಲ.

## ಅಳತೆ ಹಿಡಿದು ಯೋಚಿಸುವವರಿಗೆ

ಎಷ್ಟು ದಪ್ಪ ಬೇಕು ಅಂತ ಲೆಕ್ಕ ಹಾಕೋದು ಹೇಗೆ? ಅಂದಾಜಿಗೆ 8 ಹಾಕಿದ್ದೇವೆ.

ಎರಡು ಲೆಕ್ಕ ಮಾಡಬೇಕು. ಒಂದು ತಿರುಚುವ ಬಲಕ್ಕೆ, ಇನ್ನೊಂದು ಬಗ್ಗಿಸುವ ಬಲಕ್ಕೆ. ಎಲ್ಲರೂ ಮೊದಲನೆಯದನ್ನು ಮಾತ್ರ ಮಾಡುತ್ತಾರೆ. ಮುರಿಯುವುದು ಹೆಚ್ಚಾಗಿ ಎರಡನೆಯದರಿಂದ.

ತಿರುಚುವ ಒತ್ತಡಕ್ಕೆ: ತಿರುಚುವ ಬಲವನ್ನು, ಅಂದರೆ ಟಾರ್ಕ್ ಅನ್ನು, 16ರಿಂದ ಗುಣಿಸಿ, ಪೈ ಮತ್ತು ವ್ಯಾಸದ ಘನದಿಂದ ಭಾಗಿಸಿ. ಟಾರ್ಕ್ ನ್ಯೂಟನ್ ಮಿಲಿಮೀಟರ್‌ನಲ್ಲಿ, ವ್ಯಾಸ ಮಿ.ಮೀ.ನಲ್ಲಿ ಇಟ್ಟರೆ ಉತ್ತರ ನೇರವಾಗಿ ಮೆಗಾಪ್ಯಾಸ್ಕಲ್‌ನಲ್ಲಿ ಬರುತ್ತದೆ. ಮೋಟರ್ ಸ್ಟಾಲ್ ಆದಾಗ, ಅಂದರೆ ಕರೆಂಟ್ ಇದ್ದೂ ತಿರುಗದೆ ನಿಂತಾಗ, ಶಾಫ್ಟ್‌ಗೆ 100 ಕೆಜಿ ಸೆಂ.ಮೀ. ಬರುತ್ತದೆ ಅಂದುಕೊಳ್ಳಿ. ಅದು 9,810 ನ್ಯೂಟನ್ ಮಿಲಿಮೀಟರ್. 6 ಮಿ.ಮೀ. ಶಾಫ್ಟ್‌ಗೆ 231, 8 ಮಿ.ಮೀ.ಗೆ 98, 10 ಮಿ.ಮೀ.ಗೆ 50 ಮೆಗಾಪ್ಯಾಸ್ಕಲ್. ತಿರುಚುವಾಗ ಲೋಹದ ಮಿತಿ ಯೀಲ್ಡ್ ಬಲದ ಸುಮಾರು 0.58 ಪಾಲು. ಎಂಎಸ್‌ಗೆ ಅದು 145. ಅಂದರೆ 6 ಮಿ.ಮೀ. ಎಂಎಸ್ ತಿರುಚಿ ಹೋಗುತ್ತದೆ, 8 ಮಿ.ಮೀ. ಎಂಎಸ್ ಉಳಿಯುತ್ತದೆ. ಎರಡೇ ಮಿ.ಮೀ. ಏನು ಮಾಡಿತು ನೋಡಿ!

ಆದರೆ ಆ 100 ಕೆಜಿ ಸೆಂ.ಮೀ. ನಿಜಕ್ಕೂ ಬರುತ್ತದಾ? 25 ಕೆಜಿ ರೋಬೋಟ್, ನಾಲ್ಕು ಚಕ್ರ, ಒಂದರ ಮೇಲೆ ಸುಮಾರು 61 ನ್ಯೂಟನ್. ಚಕ್ರದ ತ್ರಿಜ್ಯ 50 ಮಿ.ಮೀ., ಘರ್ಷಣೆ 1 ಅಂತ ಹಿಡಿದರೂ 3 ನ್ಯೂಟನ್ ಮೀಟರ್ ದಾಟುವಾಗ ಚಕ್ರ ಜಾರುತ್ತದೆ. ಎರಡು ಚಕ್ರ ಎದ್ದು ನಿಂತರೆ 6. ಚಕ್ರ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಮಾತ್ರ ಪೂರ್ತಿ ಸ್ಟಾಲ್ ಟಾರ್ಕ್.

ಈಗ ಬಗ್ಗುವ ಲೆಕ್ಕ. ಬಲವನ್ನು ಬೇರಿಂಗ್‌ನಿಂದ ಚಕ್ರದ ಮಧ್ಯದವರೆಗಿನ ಉದ್ದದಿಂದ ಗುಣಿಸಿ, ಅದನ್ನು 32ರಿಂದ ಗುಣಿಸಿ, ಮತ್ತೆ ಪೈ ಮತ್ತು ವ್ಯಾಸದ ಘನದಿಂದ ಭಾಗಿಸಿ. ಚಕ್ರ 40 ಮಿ.ಮೀ. ಹೊರಗೆ ಚಾಚಿದ್ದರೆ, 8 ಮಿ.ಮೀ. ಶಾಫ್ಟ್‌ನಲ್ಲಿ ರೋಬೋಟ್ ಸುಮ್ಮನೆ ನಿಂತಾಗಲೇ 49 ಮೆಗಾಪ್ಯಾಸ್ಕಲ್. ಮೆಟ್ಟಿಲು ಇಳಿದಾಗ ಮೂರು ಪಟ್ಟು ಹೊಡೆತ ಬಿದ್ದರೆ 147. ಒಂದೇ ಚಕ್ರದ ಮೇಲೆ ಬಿದ್ದರೆ ಇನ್ನೂ ಜಾಸ್ತಿ. ಅದೇ ಚಕ್ರವನ್ನು 20 ಮಿ.ಮೀ.ಗೆ ಒಳಗೆ ತಂದರೆ ಎಲ್ಲವೂ ಅರ್ಧ. ಒಂದು ರೂಪಾಯಿ ಖರ್ಚಿಲ್ಲದೆ ಶಾಫ್ಟ್ ಎರಡು ಪಟ್ಟು ಬಲವಾಯಿತು. ಚಕ್ರದ ಆಚೆಗೂ ಒಂದು ಬೇರಿಂಗ್ ಕೊಡಲು ಜಾಗ ಇದ್ದರೆ ಇನ್ನೂ ಒಳ್ಳೆಯದು.

ಶಾಫ್ಟ್ ಮುರಿದಿಲ್ಲ, ಬಗ್ಗಿಲ್ಲ. ಆದ್ರೆ ಶುರು ಮಾಡುವಾಗ ಒಂದು ಚಕ್ರ ತಡವಾಗಿ ಎಳೀತದೆ. ಇಎನ್ 24 ಹಾಕಿದ್ರೆ ಸರಿ ಹೋಗ್ತದಾ?

ಇಲ್ಲ. ಇದು ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ. ಬಲ ಬೇರೆ, ಬಿಗುವು ಬೇರೆ. ಬಲ ಅಂದರೆ ಮುರಿಯದೆ ತಾಳುವುದು, ಬಿಗುವು ಅಂದರೆ ಸುಲಭಕ್ಕೆ ಬಾಗದೆ, ತಿರುಚಿಕೊಳ್ಳದೆ ನಿಲ್ಲುವುದು. ಎಂಎಸ್, ಇಎನ್ 8, ಇಎನ್ 24, ಎಲ್ಲ ಸ್ಟೀಲ್‌ಗಳ ಬಿಗುವು ಹೆಚ್ಚುಕಡಿಮೆ ಒಂದೇ. ಹಾರ್ಡನ್ ಮಾಡಿದರೂ ಅದು ಬದಲಾಗುವುದಿಲ್ಲ. ದುಬಾರಿ ಸ್ಟೀಲ್ ಮುರಿಯದೆ ಉಳಿಯಬಹುದು, ಆದರೆ ಅಷ್ಟೇ ತಿರುಚಿಕೊಳ್ಳುತ್ತದೆ.

300 ಮಿ.ಮೀ. ಉದ್ದದ, 6 ಮಿ.ಮೀ. ಸ್ಟೀಲ್ ಶಾಫ್ಟ್‌ಗೆ 5 ನ್ಯೂಟನ್ ಮೀಟರ್ ಕೊಟ್ಟರೆ ಅದು 8 ಡಿಗ್ರಿಗಿಂತ ಜಾಸ್ತಿ ತಿರುಚುತ್ತದೆ. 10 ಮಿ.ಮೀ. ಆದರೆ ಸುಮಾರು 1.1 ಡಿಗ್ರಿ. ಬಿಗುವು ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. ಹಾಗಾಗಿ ದಪ್ಪ ಮಾಡಿ, ಇಲ್ಲವೇ ಮೋಟರ್ ಅನ್ನು ಚಕ್ರದ ಹತ್ತಿರ ತನ್ನಿ. ಅದಕ್ಕೂ ಮುಂಚೆ ಕಪ್ಲಿಂಗ್ (ಎರಡು ಶಾಫ್ಟ್ ಸೇರಿಸುವ ಜೋಡಣೆ), ಗ್ರಬ್ ಸ್ಕ್ರೂ (ಶಾಫ್ಟ್‌ಗೆ ಒತ್ತಿ ಹಿಡಿಯುವ ತಲೆಯಿಲ್ಲದ ಸಣ್ಣ ಸ್ಕ್ರೂ) ಸಡಿಲ ಇದೆಯಾ ನೋಡಿಕೊಳ್ಳಿ.

ಹೈಸ್ಕೂಲ್ ಮಕ್ಕಳ ವೆಕ್ಸ್ ಕಿಟ್‌ನಲ್ಲೂ ಇದೇ ಕಥೆ. ಅದರ ಸಾದಾ ಚೌಕ ಶಾಫ್ಟ್ 1/8 ಇಂಚು, ಹೈ ಸ್ಟ್ರೆಂತ್ ಶಾಫ್ಟ್ 1/4 ಇಂಚು. ಅಳತೆ ಎರಡು ಪಟ್ಟಾದರೆ ಬಿಗುವು ಹದಿನಾರು ಪಟ್ಟು. ಭಾರ ಎತ್ತುವ ತೋಳಿಗೆ ಸಾದಾ ಶಾಫ್ಟ್ ಹಾಕಬೇಡಿ.

ವೇಟ್ ಲಿಮಿಟ್ ದಾಟ್ತಾ ಇದೆ. ಶಾಫ್ಟ್ ಎಲ್ಲ ಅಲ್ಯುಮಿನಿಯಂ ಮಾಡಿಬಿಡ್ಲಾ?

ಮೊದಲು ಎಷ್ಟು ಉಳಿಯುತ್ತದೆ ನೋಡಿ. 10 ಮಿ.ಮೀ., 100 ಮಿ.ಮೀ. ಉದ್ದದ ನಾಲ್ಕು ಸ್ಟೀಲ್ ಶಾಫ್ಟ್ ಸೇರಿ ಸುಮಾರು 250 ಗ್ರಾಂ. ಅಲ್ಯುಮಿನಿಯಂನಲ್ಲಿ 85. ಉಳಿದದ್ದು ಸುಮಾರು 160 ಗ್ರಾಂ. ಅಷ್ಟನ್ನು ಚಾಸಿಯ ಪ್ಲೇಟ್‌ನಲ್ಲಿ ತೂತು ಕೊರೆದು ಉಳಿಸಬಹುದು, ಅಲ್ವಾ?

ಅಲ್ಯುಮಿನಿಯಂನ ಬಿಗುವು ಸ್ಟೀಲ್‌ನ ಮೂರನೇ ಒಂದು ಪಾಲು. 6061 ಟಿ6ನ ಯೀಲ್ಡ್ ಬಲ ಸುಮಾರು 276, 7075 ಟಿ6ನದ್ದು ಸುಮಾರು 500 ಮೆಗಾಪ್ಯಾಸ್ಕಲ್. ಸಂಖ್ಯೆ ನೋಡಿದರೆ ಚೆನ್ನಾಗಿದೆ. ಆದರೆ ಸ್ಟೀಲ್‌ಗೆ ಒಂದು ಮಿತಿ ಇದೆ, ಒತ್ತಡ ಅದಕ್ಕಿಂತ ಕೆಳಗೆ ಇದ್ದರೆ ಎಷ್ಟು ತಿರುಗಿದರೂ ದಣಿದು ಮುರಿಯುವುದಿಲ್ಲ. ಅಲ್ಯುಮಿನಿಯಂಗೆ ಅಂಥ ಮಿತಿ ಇಲ್ಲ, ಒಂದಲ್ಲ ಒಂದು ದಿನ ದಣಿಯುತ್ತದೆ. ಮೇಲ್ಮೈ ಮೆತ್ತಗೆ ಇರುವುದರಿಂದ ಗ್ರಬ್ ಸ್ಕ್ರೂ ಗುಳಿ ಕೊರೆಯುತ್ತದೆ. ಕರಾವಳಿಯಲ್ಲಿ ಇನ್ನೊಂದು ತೊಂದರೆ: ಅಲ್ಯುಮಿನಿಯಂಗೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿ ಉಪ್ಪುನೀರು ತಾಗಿದರೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ತಿನ್ನಿಸಿಕೊಳ್ಳುತ್ತದೆ.

ತೂಕ ಇಳಿಸಲೇಬೇಕಾದರೆ ಟೊಳ್ಳು ಸ್ಟೀಲ್ ಶಾಫ್ಟ್ ಮಾಡಿಸಿ. 12 ಮಿ.ಮೀ. ಶಾಫ್ಟ್‌ನ ಒಳಗೆ 8 ಮಿ.ಮೀ. ತೂತು ಕೊರೆದರೆ ತೂಕ ಶೇಕಡಾ 44 ಇಳಿಯುತ್ತದೆ, ಬಲ ಶೇಕಡಾ 20 ಮಾತ್ರ. ಉದ್ದ ತೂತು ನೇರವಾಗಿ ಕೊರೆಯುವುದು ಕಷ್ಟ, ಸೀಮ್‌ಲೆಸ್ ಪೈಪ್ ಸಿಕ್ಕರೆ ಅದರಿಂದ ಶುರು ಮಾಡುವುದು ಸುಲಭ. ಇಂಟೇಕ್ ರೋಲರ್ (ವಸ್ತುವನ್ನು ಒಳಗೆ ಎಳೆದುಕೊಳ್ಳುವ ರೋಲರ್) ತರಹದ ಹಗುರ ಕೆಲಸಕ್ಕೆ ಅಲ್ಯುಮಿನಿಯಂ ಹೆಕ್ಸ್ (ಆರು ಮೂಲೆಯ) ಬಾರ್ ಚೆನ್ನಾಗಿಯೇ ನಡೆಯುತ್ತದೆ.

3ಡಿ ಪ್ರಿಂಟರ್‌ಗೆ ಬರುವ ಕ್ರೋಮ್ ರಾಡ್ ನೋಡೋಕೆ ತುಂಬಾ ಚೆನ್ನಾಗಿದೆ. ಅದು ನಡೆಯುತ್ತದಾ?

ಬೇರಿಂಗ್ ಮೇಲೆ ತಿರುಗುವ ನುಣುಪಾದ ಶಾಫ್ಟ್ ಬೇಕಾದರೆ ಅದಕ್ಕಿಂತ ಸುಲಭದ್ದು ಇಲ್ಲ. ಅಳತೆ ಕರಾರುವಾಕ್. 10 ಮಿ.ಮೀ.ಗೆ ಎಚ್6 ಅನ್ನುವ ಅಳತೆಯ ದರ್ಜೆ ಅಂದರೆ ತಪ್ಪಿದರೂ 9 ಮೈಕ್ರಾನ್ ಒಳಗೆ. ಬ್ರೈಟ್ ಬಾರ್ ಎಚ್9 ಆದರೆ 36 ಮೈಕ್ರಾನ್‌ವರೆಗೆ ಕಡಿಮೆ ಇರಬಹುದು, ಬೇರಿಂಗ್ ಸಡಿಲ ಕೂರುತ್ತದೆ. ಕ್ರೋಮ್ ಇರುವುದರಿಂದ ತುಕ್ಕೂ ನಿಧಾನ, ಆದರೆ ಕತ್ತರಿಸಿದ ತುದಿಗೆ ಎಣ್ಣೆ ಹಚ್ಚಲೇಬೇಕು.

ಕಷ್ಟ ಇರುವುದು ಕೊರೆಯುವುದರಲ್ಲಿ. ಮೇಲ್ಮೈ 60 ಎಚ್‌ಆರ್‌ಸಿ ಹತ್ತಿರ ಇರುತ್ತದೆ. ಹ್ಯಾಕ್ಸಾ ಬ್ಲೇಡ್ ಹಲ್ಲು ಕಳೆದುಕೊಳ್ಳುತ್ತದೆ, ಸಾದಾ ಡ್ರಿಲ್ ಜಾರುತ್ತದೆ. ಕಟಿಂಗ್ ವೀಲ್‌ನಿಂದ ಕತ್ತರಿಸಿ, ಗ್ರೈಂಡರ್‌ನಿಂದ ಚಪ್ಪಟೆ ಮಾಡಿ. ಸಾಧ್ಯವಾದರೆ ಏನೂ ಕೊರೆಯದೆ ಕ್ಲ್ಯಾಂಪ್ ಹಬ್ (ಶಾಫ್ಟ್ ಅನ್ನು ಸುತ್ತಲೂ ಅಪ್ಪಿ ಹಿಡಿಯುವ ಹಬ್) ಬಿಗಿಯಿರಿ.

ಗ್ರಬ್ ಸ್ಕ್ರೂ ಎಷ್ಟು ಬಿಗಿದ್ರೂ ಸಡಿಲ ಆಗ್ತದೆ. ಅಡ್ಡ ತೂತು ಕೊರೆದು ಪಿನ್ ಹೊಡೆದ್ರೆ ಹೇಗೆ?

ದುಂಡು ಶಾಫ್ಟ್ ಮೇಲೆ ಗ್ರಬ್ ಸ್ಕ್ರೂ ನಿಲ್ಲುವುದೇ ಇಲ್ಲ. ಕನಿಷ್ಠ ಚಪ್ಪಟೆ ಜಾಗ ಮಾಡಿ, 90 ಡಿಗ್ರಿ ಅಂತರದಲ್ಲಿ ಎರಡು ಸ್ಕ್ರೂ ಹಾಕಿ, ಥ್ರೆಡ್‌ಲಾಕ್ ಹಚ್ಚಿ. ಅದಕ್ಕಿಂತ ಒಳ್ಳೆಯದು ಕ್ಲ್ಯಾಂಪ್ ಹಬ್. ಅದಕ್ಕಿಂತಲೂ ಒಳ್ಳೆಯದು ಹೆಕ್ಸ್ ಶಾಫ್ಟ್.

8 ಮಿ.ಮೀ. ಶಾಫ್ಟ್‌ಗೆ 3 ಮಿ.ಮೀ. ಅಡ್ಡ ತೂತು ಕೊರೆದರೆ ತೂತಿನ ಅಂಚಿನಲ್ಲಿ ಒತ್ತಡ ಎರಡು ಪಟ್ಟು ಅಥವಾ ಇನ್ನೂ ಜಾಸ್ತಿ ಆಗುತ್ತದೆ. ಪಿನ್ ಹಾಕಲೇಬೇಕಾದರೆ ಬಗ್ಗುವ ಬಲ ಕಡಿಮೆ ಇರುವ ತುದಿಯಲ್ಲಿ ಹಾಕಿ. ಬೇರಿಂಗ್‌ಗೂ ಚಕ್ರಕ್ಕೂ ನಡುವೆ ಖಂಡಿತ ಬೇಡ. 10 ಮಿ.ಮೀ. ಶಾಫ್ಟ್‌ಗೆ ಕೀವೇ ಆದರೆ 3 ಮಿ.ಮೀ. ಚೌಕದ ಕೀ ಬರುತ್ತದೆ. ಕೀಯನ್ನು ಶಾಫ್ಟ್‌ಗಿಂತ ಮೆತ್ತಗಿನ ಲೋಹದಲ್ಲಿ ಮಾಡಿ. ಅತಿ ಭಾರ ಬಂದಾಗ ಕೀ ಕತ್ತರಿಸಿ ಹೋಗಲಿ, ಶಾಫ್ಟ್, ಗೇರ್‌ಬಾಕ್ಸ್ ಉಳಿಯಲಿ.

ಅಷ್ಟೆಲ್ಲ ಯಾಕೆ, ಹಬ್ಬನ್ನೇ ಶಾಫ್ಟ್‌ಗೆ ವೆಲ್ಡ್ ಮಾಡಿದ್ರೆ ಆಗಲ್ವಾ?

ಎಂಎಸ್‌ಗೆ ಮಾಡಬಹುದು, ಆದರೆ ಬಿಸಿಗೆ ಶಾಫ್ಟ್ ಡೊಂಕಾಗುತ್ತದೆ. ಇಎನ್ 19, ಇಎನ್ 24ಕ್ಕೆ ಸುಮ್ನೆ ವೆಲ್ಡ್ ಹೊಡೆಯಬೇಡಿ. ವೆಲ್ಡ್ ಪಕ್ಕದ ಜಾಗ ಬೇಗ ತಣ್ಣಗಾಗಿ ಪೆಡಸಾಗುತ್ತದೆ, ಬಿರುಕು ಬಿಡುತ್ತದೆ. ಮೊದಲೇ ಬಿಸಿ ಮಾಡಿ, ನಿಧಾನವಾಗಿ ತಣಿಸುವ ವ್ಯವಸ್ಥೆ ಇದ್ದರೆ ಮಾತ್ರ ಆ ಕೆಲಸಕ್ಕೆ ಕೈ ಹಾಕಿ.

## ಒಂದೆರಡು ಸ್ಪರ್ಧೆ ಮಾಡಿ ಬಂದವರಿಗೆ

ನಮ್ಮ ಶಾಫ್ಟ್ ಚೆನ್ನಾಗಿದೆ, ಜಾನ್ಸನ್ ಮೋಟರಿನ ಶಾಫ್ಟೇ ಮುರೀತದೆ. ಎಂತ ಮಾಡೋದು?

ಚಕ್ರವನ್ನು ನೇರವಾಗಿ ಮೋಟರ್‌ನ ಗೇರ್‌ಬಾಕ್ಸ್‌ನಿಂದ ಹೊರಬರುವ 6 ಮಿ.ಮೀ. ಡಿ ಶಾಫ್ಟ್‌ಗೆ (ಒಂದು ಬದಿ ಚಪ್ಪಟೆ ಇರುವ ಶಾಫ್ಟ್‌ಗೆ) ಸಿಕ್ಕಿಸಿರುತ್ತೀರಿ. ಆ ಗೇರ್‌ಬಾಕ್ಸ್ ತಿರುಗಿಸಲು ಇರುವುದು, ರೋಬೋಟ್‌ನ ಭಾರ ಹೊರಲು ಅಲ್ಲ. ಚಕ್ರಕ್ಕೆ ಸ್ವಂತ ಶಾಫ್ಟ್, ಎರಡು ಬೇರಿಂಗ್ ಕೊಡಿ. ಮೋಟರ್‌ನಿಂದ ಅಲ್ಲಿಗೆ ಚೈನ್, ಬೆಲ್ಟ್ ಅಥವಾ ಫ್ಲೆಕ್ಸಿಬಲ್ ಕಪ್ಲಿಂಗ್ ಹಾಕಿ. ರಿಜಿಡ್ ಕಪ್ಲಿಂಗ್ ಹಾಕಿದರೆ ಸ್ವಲ್ಪ ಸಾಲು ತಪ್ಪಿದರೂ ಶಾಫ್ಟ್ ಪ್ರತಿ ಸುತ್ತಿಗೂ ಬಗ್ಗುತ್ತಾ ದಣಿಯುತ್ತದೆ.

ನನಗೆ ಇನ್ನೂ ಇಷ್ಟವಾದ ದಾರಿ ತಿರುಗದ ಆಕ್ಸಲ್. ಆಕ್ಸಲ್ ಅನ್ನು ಚಾಸಿಗೆ ಬಿಗಿದು, ಚಕ್ರದೊಳಗೆ ಬೇರಿಂಗ್ ಇಟ್ಟು, ಸ್ಪ್ರಾಕೆಟ್ ಅನ್ನು ಚಕ್ರಕ್ಕೇ ಬೋಲ್ಟ್ ಮಾಡುವುದು. ಆಗ ಆಕ್ಸಲ್‌ಗೆ ತಿರುಚುವ ಬಲವೇ ಇಲ್ಲ, ಕೀವೇಯೂ ಬೇಡ. 12.9 ಗ್ರೇಡಿನ ಅಲೆನ್ ಬೋಲ್ಟ್‌ನ ಯೀಲ್ಡ್ ಬಲ ಸುಮಾರು 1,080 ಮೆಗಾಪ್ಯಾಸ್ಕಲ್. ಥ್ರೆಡ್ ಇಲ್ಲದ ಭಾಗ ಉದ್ದ ಇರುವುದನ್ನು ಆರಿಸಿದರೆ ಕಡಿಮೆ ದುಡ್ಡಿನಲ್ಲಿ ಅದ್ಭುತ ಆಕ್ಸಲ್ ಸಿಕ್ಕಿತು. ಬೋಲ್ಟ್‌ನ ವ್ಯಾಸ ಹೆಸರಿಗಿಂತ ಸ್ವಲ್ಪ ಕಡಿಮೆ ಇರುತ್ತದೆ, ಕೊಳ್ಳುವಾಗ ವರ್ನಿಯರ್ ಹಿಡಿಯಿರಿ. ತುಕ್ಕು ಹಿಡಿಯುತ್ತದೆ ಅಂತ ಇಂಥ ಗಡಸು ಬೋಲ್ಟ್‌ಗೆ ಝಿಂಕ್ ಪ್ಲೇಟಿಂಗ್ ಮಾಡಿಸಬೇಡಿ. ಆ ಕೆಲಸದಲ್ಲಿ ಹೈಡ್ರೋಜನ್ ಒಳಗೆ ಸೇರಿ ಸ್ಟೀಲ್ ಪೆಡಸಾಗುತ್ತದೆ.

ಲೇತಿನವರು ಚಂದ ಮಾಡಿಕೊಟ್ಟಿದ್ದಾರೆ. ಆದ್ರೂ ಯಾವಾಗಲೂ ಮೆಟ್ಟಿಲಿರುವ ಜಾಗದಲ್ಲೇ ಮುರೀತದೆ. ಯಾಕೆ?

ಮೆಟ್ಟಿಲಲ್ಲಿ, ಅಂದರೆ ಶಾಫ್ಟ್‌ನ ದಪ್ಪ 10 ಮಿ.ಮೀ.ನಿಂದ 8ಕ್ಕೆ ಇಳಿಯುವಲ್ಲಿ, ಮೂಲೆ ಚೂಪಾಗಿರುತ್ತದೆ. ಒತ್ತಡ ಅಲ್ಲೇ ಗುಂಪಾಗುತ್ತದೆ. ಮೂಲೆಗೆ 1 ಮಿ.ಮೀ. ರೇಡಿಯಸ್ ಕೊಡಿ ಅಂತ ಚಿತ್ರದಲ್ಲೇ ಬರೆದುಕೊಡಿ. ನಮ್ಮ ಕಡೆಯ ಲೇತ್‌ಗಳಲ್ಲಿ ಬೋಟು, ಲಾರಿ, ತೋಟದ ಮಷಿನಿನ ಕೆಲಸವೇ ಜಾಸ್ತಿ. ಅಲ್ಲಿ ಶಾಫ್ಟ್ ದಪ್ಪ, ಇದು ಅಷ್ಟು ಕಾಡುವುದಿಲ್ಲ. ಸಪೂರ ಶಾಫ್ಟ್‌ಗೆ ನೀವೇ ಹೇಳಬೇಕು.

ಇನ್ನೊಂದು ತೊಡಕು ಇದೆ. 608 (8 ಮಿ.ಮೀ. ಶಾಫ್ಟ್‌ನದು), 6000 (10 ಮಿ.ಮೀ.ನದು) ಬೇರಿಂಗ್‌ನ ಒಳ ಅಂಚಿನ ಕತ್ತರಿಕೆ ಕನಿಷ್ಠ 0.3 ಮಿ.ಮೀ. ಅಷ್ಟೇ. ನಿಮ್ಮ ರೇಡಿಯಸ್ ಅದಕ್ಕಿಂತ ದೊಡ್ಡದಾದರೆ ಬೇರಿಂಗ್ ಪೂರ್ತಿ ಒಳಗೆ ಕೂರುವುದಿಲ್ಲ. ಹಾಗಾಗಿ ನಾನು ಮೆಟ್ಟಿಲೇ ಬೇಡ ಅನ್ನುತ್ತೇನೆ. ಉದ್ದಕ್ಕೂ ಒಂದೇ ವ್ಯಾಸ ಇಡಿ, ಬೇರಿಂಗ್ ಮತ್ತು ಚಕ್ರದ ನಡುವೆ ಪೈಪಿನ ತುಂಡು ಸ್ಪೇಸರ್ ಆಗಲಿ. ಸರ್ಕ್ಲಿಪ್ (ಶಾಫ್ಟ್ ಸರಿಯದಂತೆ ಹಿಡಿಯುವ ಸ್ಪ್ರಿಂಗ್ ರಿಂಗ್) ಕೂರುವ ತೋಡು ಬೇಕಾದರೆ ಶಾಫ್ಟ್‌ನ ಕೊನೆಯ ತುದಿಯಲ್ಲಿ ಮಾತ್ರ. ಲೇತ್ ಕೆಲಸವೂ ಕಡಿಮೆ, ಶಾಫ್ಟ್‌ನ ಆಯುಷ್ಯವೂ ಜಾಸ್ತಿ.

ಮುರಿದ ತುಂಡು ನೋಡಿ ಕಾರಣ ಹೇಳೋಕಾಗ್ತದಾ?

ಹೆಚ್ಚಿನ ಸಲ ಆಗುತ್ತದೆ. ಅದಕ್ಕೇ ಮುರಿದ ತುಂಡನ್ನು ಎಸೆಯಬೇಡಿ, ಎರಡು ಮುಖ ಒಂದಕ್ಕೊಂದು ಉಜ್ಜಬೇಡಿ.

ಒಂದು ಸೀಮೆಸುಣ್ಣ ತಗೊಂಡು ಕೈಯಲ್ಲಿ ತಿರುಚಿ ಮುರಿಯಿರಿ. ಮುರಿದ ಗೆರೆ 45 ಡಿಗ್ರಿಯಲ್ಲಿ ಸುರುಳಿಯಾಗಿ ಹೋಗುತ್ತದೆ. ಶಾಫ್ಟ್ ಹೀಗೆ ಮುರಿದಿದ್ದರೆ ಅದು ತುಂಬಾ ಗಡಸು, ತಿರುಚುವ ಬಲಕ್ಕೆ ಒಡೆದಿದೆ. ಹೀಟ್ ಟ್ರೀಟ್‌ಮೆಂಟ್‌ನಲ್ಲಿ ಟೆಂಪರ್ ಮಾಡಿಲ್ಲದಿರಬಹುದು, ಅಂದರೆ ಗಡಸು ಮಾಡಿದ ಮೇಲೆ ಮತ್ತೆ ಕಾಯಿಸಿ ಪೆಡಸುತನ ಇಳಿಸಿಲ್ಲದಿರಬಹುದು. ಮುಖ ಅಡ್ಡಲಾಗಿ ಚಪ್ಪಟೆ ಇದ್ದು ಸುತ್ತ ಸುಳಿಯ ಗುರುತು ಇದ್ದರೆ ಮೆತ್ತಗಿನ ಶಾಫ್ಟ್ ಅತಿ ಟಾರ್ಕ್‌ಗೆ ತಿರುಚಿ ಕತ್ತರಿಸಿದೆ. ಆಗ ದಪ್ಪ ಮಾಡಿ ಅಥವಾ ಬಲವಾದ ಸ್ಟೀಲ್ ಹಾಕಿ.

ಮೂರನೆಯದು ತುಂಬಾ ಸಾಮಾನ್ಯ. ಮುಖದ ಒಂದು ಭಾಗ ನುಣುಪು, ಅದರಲ್ಲಿ ಮರಳಿನ ಮೇಲೆ ಅಲೆ ಬಿಟ್ಟುಹೋದಂಥ ಸಾಲು ಸಾಲು ಗೆರೆ. ಇನ್ನೊಂದು ಭಾಗ ಒರಟು. ಇದು ಫಟೀಗ್, ಅಂದರೆ ದಣಿದು ಮುರಿಯುವುದು. ಬಿರುಕು ನುಣುಪಾದ ಬದಿಯಿಂದ ಶುರುವಾಗಿ ದಿನದಿನವೂ ಮುಂದೆ ಸರಿದು, ಕೊನೆಗೆ ಉಳಿದ ಒರಟು ಭಾಗ ಒಮ್ಮೆಗೇ ಹರಿದಿದೆ. ಚಕ್ರ ಒಂದು ಸುತ್ತು ಸುತ್ತಿದರೆ ಶಾಫ್ಟ್ ಒಮ್ಮೆ ಆಚೆ, ಒಮ್ಮೆ ಈಚೆ ಬಗ್ಗಿದಂತೆ. 100 ಮಿ.ಮೀ. ಚಕ್ರ ಒಂದು ಕಿಲೋಮೀಟರ್ ಓಡಿದರೆ ಸುಮಾರು 3,200 ಸಲ ಬಗ್ಗಿದ ಹಾಗೆ. ಗೆರೆಗಳ ಮೂಲ ಎಲ್ಲಿದೆ ಅಂತ ಹುಡುಕಿ. ಅಲ್ಲಿ ಕೀವೇ ಮೂಲೆ, ಟೂಲ್ ಗೀರು ಅಥವಾ ತುಕ್ಕಿನ ಗುಳಿ ಸಿಗುತ್ತದೆ. ಒರಟು ಭಾಗ ಸಣ್ಣದಿದ್ದರೆ ಭಾರ ನಿಜಕ್ಕೂ ಕಡಿಮೆಯೇ ಇತ್ತು, ಆಕಾರ ತಪ್ಪಾಗಿತ್ತು ಅಂತ ಅರ್ಥ. ಇಂಥ ಕಡೆ ಬರೀ ಮೆಟೀರಿಯಲ್ ಬದಲಿಸಿದರೆ ಮತ್ತೆ ಅದೇ ಜಾಗದಲ್ಲಿ ಮುರಿಯುತ್ತದೆ.

ರೋಬೋವಾರ್‌ಗೆ ಹೋಗ್ತಾ ಇದ್ದೇವೆ. ವೆಪನ್ ಶಾಫ್ಟ್‌ಗೆ ಟೈಟಾನಿಯಂ ತರಿಸೋಣ ಅಂತಿದ್ದೇವೆ.

ಐಐಟಿ ಬಾಂಬೆಯ ಟೆಕ್‌ಫೆಸ್ಟ್‌ನಂಥ ಕಡೆ ಕಾದಾಡುವ ರೋಬೋಟ್‌ಗಳ ಆಯುಧದ ಶಾಫ್ಟ್‌ಗೆ ಒಂದೇ ಕ್ಷಣದಲ್ಲಿ ಭಾರಿ ಹೊಡೆತ ಬೀಳುತ್ತದೆ. ಅಲ್ಲಿ ಬೇಕಾದದ್ದು ಗಡಸುತನ ಅಲ್ಲ, ಹೊಡೆತ ನುಂಗುವ ಗುಣ. ಇಎನ್ 24 ಟಿ, ಗಡಸುತನ 248ರಿಂದ 302 ಬ್ರಿನೆಲ್, ಇದಕ್ಕೆ ಹೇಳಿ ಮಾಡಿಸಿದ್ದು. ಹೀಟ್ ಟ್ರೀಟ್ ಆಗಿಯೇ ಬರುತ್ತದೆ, ಲೇತ್‌ನಲ್ಲೂ ತಿರುಗಿಸಬಹುದು, ಮತ್ತೆ ಹಾರ್ಡನಿಂಗ್‌ಗೆ ಕಳಿಸುವ ಕೆಲಸ ಇಲ್ಲ.

ಗ್ರೇಡ್ 5 ಟೈಟಾನಿಯಂ ಒಳ್ಳೆಯ ಲೋಹ. ತೂಕ ಸ್ಟೀಲ್‌ನ ಶೇಕಡಾ 56ರಷ್ಟು, ಯೀಲ್ಡ್ ಬಲ 880ರ ಹತ್ತಿರ, ಉಪ್ಪಿಗೂ ಜಗ್ಗುವುದಿಲ್ಲ. ಆದರೆ ಬಿಗುವು ಸ್ಟೀಲ್‌ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಉಜ್ಜಾಟದಲ್ಲಿ ಕಚ್ಚಿಕೊಳ್ಳುತ್ತದೆ. ತಿರುಗದ ಆಕ್ಸಲ್‌ಗೆ, ತೂಕಕ್ಕೆ ಪರದಾಡುವಾಗ ಯೋಚಿಸಿ. ಮೊದಲ ರೋಬೋಟ್‌ಗೆ ಬೇಡ.

ಒಂದು ಮಾತು ಮನಸ್ಸಿಟ್ಟು ಕೇಳಿ. ವೆಪನ್ ಶಾಫ್ಟ್ ಮುರಿದರೆ ಹಾರುವುದು ಆಯುಧ. ಹಾಸ್ಟೆಲ್ ಅಂಗಳದಲ್ಲಿ, ಕಾಲೇಜಿನ ಕಾರಿಡಾರಿನಲ್ಲಿ ತಿರುಗಿಸಿ ನೋಡಬೇಡಿ. ಗಟ್ಟಿ ಮುಚ್ಚಿದ ಪೆಟ್ಟಿಗೆಯೊಳಗೆ, ದೂರದಿಂದ ಮಾತ್ರ ಪರೀಕ್ಷೆ ಮಾಡಿ. ಬ್ಯಾಟರಿ ಜೋಡಿಸುವಾಗ ಆಯುಧಕ್ಕೆ ಲಾಕ್ ಪಿನ್ ಇರಲೇಬೇಕು.

ಕಾರ್ಬನ್ ಫೈಬರ್ ಟ್ಯೂಬ್?

ಉದ್ದದ, ಹಗುರ ಡ್ರೈವ್‌ಗೆ ಮಾತ್ರ. ನೂಲು 45 ಡಿಗ್ರಿಯಲ್ಲಿ ಸುತ್ತಿರಬೇಕು. ಉದ್ದುದ್ದ ನೂಲಿನ ಅಗ್ಗದ ಟ್ಯೂಬ್ ತಿರುಚಿದರೆ ಸೀಳುತ್ತದೆ. ಬಿಡುವುದು ಯಾವಾಗಲೂ ತುದಿಯ ಅಂಟು.

ಸ್ಪರ್ಧೆಗೆ ಹೋಗುವಾಗ ಎಷ್ಟು ಸ್ಪೇರ್ ಶಾಫ್ಟ್ ಒಯ್ಯಬೇಕು?

ಏಷ್ಯಾ-ಪೆಸಿಫಿಕ್ ಕಾಲೇಜುಗಳ ರೋಬೋಟ್ ಸ್ಪರ್ಧೆ ಎಬಿಯು ರೋಬೋಕಾನ್ 2002ರಲ್ಲಿ ಶುರುವಾದಾಗಿನಿಂದ ಪ್ರತಿ ವರ್ಷ ಆಟವೇ ಬದಲಾಗುತ್ತದೆ. ಆದ್ದರಿಂದ ಹಿಂದಿನ ವರ್ಷ ಮುರಿಯದ ಶಾಫ್ಟ್ ಈ ವರ್ಷ ಮುರಿಯಬಹುದು. ಪ್ರತಿ ಬಗೆಯ ಶಾಫ್ಟ್‌ಗೆ ಎರಡು ಸ್ಪೇರ್ ಇರಲಿ. ಎಲ್ಲ ಚಕ್ರಕ್ಕೂ ಒಂದೇ ಅಳತೆಯ ಶಾಫ್ಟ್ ಮಾಡಿಕೊಂಡರೆ ಎರಡೇ ಸ್ಪೇರ್‌ನಲ್ಲಿ ಕೆಲಸ ಮುಗಿಯಿತು. ಸ್ಪೇರ್‌ಗಳನ್ನು ಮನೆಯಲ್ಲೇ ಒಮ್ಮೆ ಜೋಡಿಸಿ ನೋಡಿ. ಜೊತೆಗೆ ಬೇರಿಂಗ್, ಗ್ರಬ್ ಸ್ಕ್ರೂ, ಕೀ, ಸರ್ಕ್ಲಿಪ್, ಅದರ ಪ್ಲೈಯರ್, ಸಣ್ಣ ಅರ, ಥ್ರೆಡ್‌ಲಾಕ್ ಇರಲಿ.

ಅಭ್ಯಾಸದಲ್ಲಿ ದಣಿದ ಶಾಫ್ಟ್‌ಗಳನ್ನು ಹೊರಡುವ ಮುಂಚೆ ತೆಗೆದು ಹೊಸದನ್ನು ಹಾಕಿ, ಒಂದು ಗಂಟೆ ಓಡಿಸಿ, ಎಲ್ಲ ಸ್ಕ್ರೂ ಮತ್ತೊಮ್ಮೆ ಬಿಗಿಯಿರಿ. ತೆಗೆದ ಹಳೆಯದಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ, ಸ್ಪೇರ್ ಪೆಟ್ಟಿಗೆಗೆ ಸೇರಿಸಬೇಡಿ.